ಮರದ ಹುಡಿ ತುಂಬಿದ ಮುಡಿ

ಗಾಜಿನ ಮೇಲೆ ಅವರ ಮೂಗಿನ ಗುರುತು ಬಿದ್ದಿರುತ್ತಿತ್ತು. ನಾನು ಪೇಪರಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ ಗಾಜು. ಮರುದಿನ ಹೋಗಿ ನೋಡಿದರೆ ಅದರ ನಡುವೆ ಒಂದು ದುಂಡನೆಯ ಜಿಡ್ಡು, ಸುತ್ತ ಉಸಿರು ಒಣಗಿದ ಮಬ್ಬು. ಮ್ಯೂಸಿಯಂ ಮೇಡಂ ವಸ್ತುಗಳನ್ನು ನೋಡುತ್ತಿದ್ದುದೇ ಹಾಗೆ. ಕನ್ನಡಕವನ್ನು ಹಣೆಗೇರಿಸಿ, ಎರಡೂ ಕೈಗಳನ್ನು ಬೆನ್ನಹಿಂದೆ ಕಟ್ಟಿ, ಮೂಗು ತಾಗುವವರೆಗೆ ಬಗ್ಗುತ್ತಿದ್ದರು.

“ಮೇಡಂ, ಗಾಜು ಇರುವುದು ನಿಮ್ಮ ಕಣ್ಣಿಗೆ ಕಾಣುವುದಿಲ್ಲವಾ?” ಎಂದು ಒಮ್ಮೆ ಕೇಳಿದೆ.

“ಕಾಣದ ಹಾಗೆ ಉಜ್ಜಿದವರು ನೀವೇ ಅಲ್ವಾ?” ಎಂದರು.

ನನ್ನದು ಹಿರಿಯಡ್ಕದಲ್ಲಿ ಅಲ್ಯೂಮಿನಿಯಂ ಮತ್ತು ಗಾಜಿನ ಕೆಲಸದ ಅಂಗಡಿ. ಊರು ಅಜೆಕಾರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆ ಇಲ್ಲ. ಉಡುಪಿಯಿಂದ ಕಾರ್ಕಳದವರೆಗೆ ಎಷ್ಟೋ ಅಂಗಡಿಗಳ, ಬ್ಯಾಂಕುಗಳ ಬಾಗಿಲು ನನ್ನ ಕೈಯದು. ಒಂದೂ ಕಿರುಗುಟ್ಟುವುದಿಲ್ಲ. ಹಳೆಯ ಅಕ್ಕಿ ಮಿಲ್ಲೊಂದನ್ನು ರಿಪೇರಿ ಮಾಡಿ ಅಲ್ಲಿ ಮ್ಯೂಸಿಯಂ ಮಾಡುತ್ತೇವೆ ಎಂದು ಸಮಿತಿಯವರು ಕರೆದಾಗ ಎಲ್ಲ ಕಪಾಟುಗಳನ್ನೂ ನಾನೇ ಮಾಡಿದೆ. ನೊಗ, ನೇಗಿಲು, ಅಕ್ಕಿ ಅಳೆಯುವ ಕಳಸೆ, ದೀಪ, ಎಲ್ಲವೂ ಗಾಜಿನೊಳಗೆ ಕುಳಿತವು. ನೋಡಿಕೊಳ್ಳಲು ಮಣಿಪಾಲದಿಂದ ಮೇಡಂ ಬಂದರು.

ಎಲ್ಲಕ್ಕಿಂತ ದೊಡ್ಡ ಕಪಾಟು ಅಕ್ಕಿಮುಡಿಯದ್ದು. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಮೇಲೆತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಚೆಂಡಿನ ಹಾಗೆ ಉರುಟು ಮಾಡುವುದೇ ಮುಡಿ. ಕಪಾಟಿಗೆ ಇಡಲು ನಾನೇ ಅದನ್ನು ಎತ್ತಿದೆ. ಎತ್ತಿದ ರಭಸಕ್ಕೆ ಹಿಂದಕ್ಕೆ ಬೀಳುವುದರಲ್ಲಿದ್ದೆ, ಅಷ್ಟು ಹಗುರ.

“ಒಳಗೆ ಎಂತ ಉಂಟು ಮೇಡಂ?”

“ಮರದ ಹುಡಿ. ಅಕ್ಕಿ ಹಾಕಿದರೆ ಹುಳ ಹಿಡಿಯುತ್ತದೆ, ಇಲಿ ಬರುತ್ತದೆ. ಮ್ಯೂಸಿಯಂಗಳಲ್ಲಿ ಹೀಗೆಯೇ ಮಾಡುವುದು.”

ಪಕ್ಕದಲ್ಲಿ ಬೋರ್ಡು ಇತ್ತು: ‘ಅಕ್ಕಿಮುಡಿ. ಕರಾವಳಿಯ ಕೃಷಿಕರ ಸಮೃದ್ಧಿಯ ಸಂಕೇತ.’ ಎರಡು ಸಲ ಓದಿದೆ. ಗಾಜು ಜೋಡಿಸಿ ಬಂದೆ.

ಆಮೇಲೆ ಒಂದು ದಿನ ಕಪಾಟಿನ ಬೀಗ ಸರಿಪಡಿಸುತ್ತಿದ್ದೆ. ಶಂಕರಪುರದಿಂದ ಮಲ್ಲಿಗೆ ಕಟ್ಟುವ ಒಬ್ಬ ಅಜ್ಜಿ ಮೊಮ್ಮಗಳೊಟ್ಟಿಗೆ ಬಂದರು. ಮುಡಿಯ ಎದುರು ನಿಂತವರು ಚಪ್ಪಲಿ ಕಳಚಿದರು. ತಲೆಯಲ್ಲಿದ್ದ ಹೂವಿನಿಂದ ಒಂದು ತುಂಡು ಕಿತ್ತು ಗಾಜಿನ ಬುಡದಲ್ಲಿಟ್ಟು ಕೈ ಮುಗಿದರು. ಆಮೇಲೆ ಮೇಡಂ ಹತ್ತಿರ ಕೇಳಿದರು, “ಇದು ಯಾವ ಅಕ್ಕಿ ಮಗಾ?”

ಮೇಡಂ ಯಾವುದೋ ಒಂದು ತಳಿಯ ಹೆಸರು ಹೇಳಿ ಮುಗಿಸಬಹುದಿತ್ತು. ಅವರ ಜಾತಕದಲ್ಲಿ ಸುಳ್ಳು ಬರೆದಿರಲಿಲ್ಲ. “ಅಕ್ಕಿ ಅಲ್ಲ ಅಮ್ಮ, ಮರದ ಹುಡಿ” ಎಂದರು.

ಅಜ್ಜಿ ನಕ್ಕರು ನೋಡಿ, ಆ ಮಿಲ್ಲಿನ ಮಾಡಿನ ಹಂಚು ಹಾರಬೇಕು, ಹಾಗೆ. “ಅಯ್ಯೋ ದೇವರೇ! ಮರದ ಹುಡಿಗೆ ನನ್ನಿಂದ ಕೈ ಮುಗಿಸಿದಿರಲ್ಲ!” ಎಂದು ಇಟ್ಟ ಹೂವನ್ನು ತಿರುಗಿ ತಲೆಗೆ ಮುಡಿದುಕೊಂಡು ಹೋದರು.

ಮೇಡಂ ನಗಲಿಲ್ಲ. ಅವತ್ತು ಊಟವನ್ನೂ ಮಾಡಲಿಲ್ಲ. ಸಂಜೆ ನನಗೆ ಫೋನು: “ನಾಳೆ ಬನ್ನಿ. ಗಾಜು ತೆಗೆಯಬೇಕು.”

ನನಗೆ ಸಿಟ್ಟು ಬಂತು. “ನನ್ನ ಕೆಲಸದಲ್ಲಿ ಎಂತ ತಪ್ಪುಂಟು?”

“ನಿಮ್ಮದರಲ್ಲಿ ಇಲ್ಲ, ನನ್ನದರಲ್ಲಿ ಉಂಟು. ಗಾಜು ಇದ್ದದ್ದಕ್ಕೇ ಅಲ್ವಾ ಆ ಅಜ್ಜಿಗೆ ಗೊತ್ತಾಗದೆ ಹೋದದ್ದು? ಮುಟ್ಟಿದ್ದರೆ ಅವರಿಗೇ ತಿಳಿಯುತ್ತಿತ್ತು.”

ಮರುದಿನ ಇಬ್ಬರೂ ಸೇರಿ ಮುಡಿ ಬಿಚ್ಚಿದೆವು. ಹುಡಿಯೆಲ್ಲ ನೆಲಕ್ಕೆ ಸುರಿಯಿತು. ಇನ್ನು ನಿಜವಾದ ಅಕ್ಕಿ ತುಂಬಿಸಿ ಕಟ್ಟುವವರು ಯಾರು ಎಂದು ಅವರು ಯೋಚಿಸುತ್ತಿರುವಾಗ ನಾನೆಂದೆ: “ನಾನು ಕಟ್ಟುತ್ತೇನೆ. ಅಪ್ಪ ಕಟ್ಟುವಾಗ ಹುಲ್ಲು ಹಿಡಿದುಕೊಳ್ಳುತ್ತಿದ್ದವನು ನಾನೇ.”

ನಮ್ಮ ಗದ್ದೆಯ ಕುಚ್ಚಲಕ್ಕಿ ತಂದು ಕಟ್ಟಿದೆ. ಎಷ್ಟು ಬಡಿದರೂ ಒಂದು ಬದಿ ಉಬ್ಬಿಕೊಂಡೇ ಇತ್ತು. ಮೇಡಂ ಸುತ್ತಲೂ ಬಂದು ನೋಡಿ, “ಇದು ಮುಡಿಯಾ, ಕುಂಬಳಕಾಯಿಯಾ?” ಎಂದರು. ಆಮೇಲೆ ಸುಮ್ಮನೆ ಕೇಳಿದರು, “ನಿಮ್ಮ ಅಪ್ಪ ಕಟ್ಟಿದ ಮುಡಿಗಳು ಈಗ ಎಲ್ಲಿ?”

ಅವತ್ತು ಬಾಯಿ ಬಿಟ್ಟೆ. ಅಪ್ಪ ಕಟ್ಟಿದ ಮುಡಿ ನಮ್ಮ ಮನೆಯಲ್ಲಿ ಇದ್ದದ್ದೇ ಇಲ್ಲ. ಅದು ಗೇಣಿಯ ಮುಡಿ. ಉತ್ತು, ನೆಟ್ಟು, ಕೊಯ್ದು, ಬೇಯಿಸಿ, ಕುಟ್ಟಿ, ಕಟ್ಟಿ, ಹೆಗಲ ಮೇಲೆ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸಿ ಬರುವುದು. ಆಟಿ ತಿಂಗಳ ಮಳೆಗೆ ನಮ್ಮ ಮನೆಯಲ್ಲಿ ಕೆಸುವಿನ ಎಲೆ, ಹಲಸಿನ ಬೀಜ. ಗದ್ದೆ ನಮ್ಮ ಹೆಸರಿಗೆ ಆದದ್ದು ಆಮೇಲೆ. ಅಷ್ಟರಲ್ಲಿ ನನ್ನ ಶಾಲೆ ಮುಗಿದಿತ್ತು. “ಸಮೃದ್ಧಿ ಯಾರದ್ದು ಮೇಡಂ?” ಎಂದೆ. ದೊಡ್ಡ ಸ್ವರದಲ್ಲೇ ಕೇಳಿದೆ.

ಅವರು ಬೋರ್ಡು ಕಿತ್ತರು. ಹೊಸದರಲ್ಲಿ ಬರೆಸಿದರು: ‘ಗೇಣಿಯ ಮುಡಿ. ಕಟ್ಟಿದವರ ಮನೆಯಲ್ಲಿ ಇದು ಉಳಿಯುತ್ತಿರಲಿಲ್ಲ. ಮುಟ್ಟಿ ನೋಡಿ.’ ಅಷ್ಟಕ್ಕೇ ಬಿಡಲಿಲ್ಲ. ಅಕ್ಕಿ ಹುಳ ಹಿಡಿಯುವ ಮೊದಲು, ಪ್ರತಿ ಆಟಿಯಲ್ಲಿ ಮುಡಿ ಬಿಚ್ಚಿ ಬಂದವರಿಗೆಲ್ಲ ಗಂಜಿ. ಹೊಸ ಬೆಳೆ ಬಂದ ಮೇಲೆ ಹೊಸ ಮುಡಿ. ಇದು ಅವರ ಕಾನೂನು.

ಸಮಿತಿಯ ಅಧ್ಯಕ್ಷರು ಹಳೆಯ ಧಣಿಗಳ ಮನೆಯವರು. ಕೆಟ್ಟವರೇನೂ ಅಲ್ಲ, ಮಿಲ್ಲಿನ ಕಟ್ಟಡವನ್ನು ಬಿಟ್ಟುಕೊಟ್ಟವರೇ ಅವರು. ಬೋರ್ಡು ಓದಿ ಅವರ ಮುಖ ಕೆಂಪಾಯಿತು.

“ನೀವು ಮ್ಯೂಸಿಯಂ ನಡೆಸುವುದಾ, ಗಂಜಿ ಕೇಂದ್ರ ನಡೆಸುವುದಾ?”

“ಗಂಜಿ ಕುಡಿಯದವರು ಕಟ್ಟಿದ ಮುಡಿ ಒಂದಾದರೂ ಇದ್ದರೆ ತೋರಿಸಿ” ಎಂದರು ಮೇಡಂ.

“ಅದಿರಲಿ. ಹಳೆಯದನ್ನೆಲ್ಲ ಈಗ ಯಾಕೆ ಕೆದಕುವುದು?”

“ಹಳೆಯದನ್ನು ಕೆದಕಲಿಕ್ಕೆ ಅಲ್ಲವಾದರೆ ಮ್ಯೂಸಿಯಂ ಇಟ್ಟದ್ದು ಎಂತಕ್ಕೆ ಮಾರಾಯ್ರೆ?”

ಮೀಟಿಂಗಿನ ಮೇಲೆ ಮೀಟಿಂಗು ಆಯಿತು. ಬೋರ್ಡು ತೆಗೆಯಿರಿ, ಇಲ್ಲವೇ ಕೆಲಸ ಬಿಡಿ ಎಂಬಲ್ಲಿಯವರೆಗೆ ಹೋಯಿತು. ಮೇಡಂ ಎರಡನ್ನೂ ಮಾಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುತ್ತಿದ್ದರು. “ಬೀಗದ ಕೈ ನನ್ನ ಸೊಂಟದಲ್ಲಿ ಉಂಟು. ಬೇಕಾದವರು ಬಂದು ಕೇಳಲಿ” ಎನ್ನುತ್ತಿದ್ದರು. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಜನ ಬರಲು ಶುರುವಾಗಿತ್ತು. ಕಾಪುವಿನ ಮೀನುಗಾರರು ಬಂದು, ನಮ್ಮ ಬಲೆಯನ್ನು ಯಾಕೆ ಹೀಗೆ ಒಣಗಿದ ಬಾವಲಿಯ ಹಾಗೆ ತೂಗಹಾಕಿದ್ದೀರಿ ಎಂದು ಜಗಳವಾಡಿ, ಕೊನೆಗೆ ತಾವೇ ಇಳಿಸಿ ನೆಲದಲ್ಲಿ ಹರಡಿ ಕುಳಿತು ಅದರ ಹರುಕು ಹೆಣೆದರು. ಮೇಡಂ ಅವರಿಗೆ ಚಾ ಮಾಡಿಕೊಟ್ಟರು. ನನ್ನ ಕಪಾಟುಗಳ ಗಾಜು ಒಂದೊಂದೇ ಕೆಳಗಿಳಿಯಿತು. ನನ್ನ ಕೆಲಸವನ್ನು ನನ್ನ ಕೈಯಿಂದಲೇ ಬಿಚ್ಚಿಸಿದ ಗಿರಾಕಿ ಅವರೊಬ್ಬರೇ.

ಮೇಡಂ ಕಾಯಿಲೆ ಬಿದ್ದು ಮಣಿಪಾಲದ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ಮುಖ ಚಿಕ್ಕದಾಗಿತ್ತು, ಮೂಗು ಮಾತ್ರ ಹಾಗೆಯೇ ಇತ್ತು.

“ಆಟಿಗೆ ಮುಡಿ ಬಿಚ್ಚುತ್ತೀರಲ್ಲ?”

“ಬಿಚ್ಚದೆ ಬಿಡುತ್ತೇನಾ?”

“ಈ ಸಲ ಉಪ್ಪು ಕಡಿಮೆ ಹಾಕಿ. ಹೋದ ಸಲದ್ದು ಸಮುದ್ರ.”

ಮಳೆ ಹಿಡಿಯುವ ಮೊದಲೇ ಅವರು ತೀರಿಕೊಂಡರು.

ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಅಧ್ಯಕ್ಷರು ಅಂಗಡಿಗೆ ಬಂದರು. “ಮೇಡಂ ಫೋಟೋ ಇಡಲು ಒಂದು ಒಳ್ಳೆಯ ಶೋಕೇಸ್ ಮಾಡು. ಹಾಗೆಯೇ ಆ ಮುಡಿಗೂ ಗಾಜು ಹಾಕು. ಗಂಜಿ ಗಿಂಜಿ ಈ ವರ್ಷದಿಂದ ಬೇಡ. ಬೋರ್ಡು ನಾನು ಹೊಸದು ಬರೆಸುತ್ತೇನೆ.”

“ಆಗುವುದಿಲ್ಲ” ಎಂದೆ.

“ನಿನಗೆ ಎಂತ ಉಂಟು ಮಾರಾಯ? ಕೆಲಸ ಬೇಡವಾ?”

“ಕೆಲಸ ಬೇಕು. ಇದು ಬೇಡ.”

“ಬೇರೆಯವರಿಂದ ಮಾಡಿಸುತ್ತೇನೆ.”

“ಮಾಡಿಸಿ. ಆದರೆ ಮುಡಿ ನಾನು ಕಟ್ಟಿದ್ದು, ಅಕ್ಕಿ ನಮ್ಮ ಗದ್ದೆಯದ್ದು. ಮೊದಲು ಬಿಚ್ಚಿ ಗಂಜಿ ಮಾಡುತ್ತೇನೆ. ಉಳಿದ ಹುಲ್ಲಿಗೆ ನೀವು ಬೇಕಾದರೆ ಮರದ ಹುಡಿ ತುಂಬಿಸಿ ಗಾಜು ಹಾಕಿಕೊಳ್ಳಿ. ಯಾರಾದರೂ ಕೇಳಿದರೆ ಮಾತ್ರ ಮೇಡಂ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.”

ಅವರು ಕಾರು ಹತ್ತಿದರು.

ಆಟಿಯಲ್ಲಿ ಮುಡಿ ಬಿಚ್ಚುವ ಭಾನುವಾರ ಮಳೆ ಕಡಿಯದೆ ಹೊಡೆಯುತ್ತಿತ್ತು. ಮಿಲ್ಲಿನ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿಸಿದ್ದೆ. ಜನ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಕೊಡೆ ಹಿಡಿದುಕೊಂಡು ಮೊದಲು ಬಂದವರು ಶಂಕರಪುರದ ಆ ಅಜ್ಜಿ. ಮುಡಿಗೆ ಕೈ ತಾಗಿಸಿ, ಗುದ್ದಿ ನೋಡಿ, “ಹಾಂ, ಈಗ ಸರಿ” ಎಂದು ಹೂವಿಟ್ಟರು. ಆಮೇಲೆ ಬಂದವರಿಗೆ ಪಾತ್ರೆ ಸಾಲಲಿಲ್ಲ. ಅಧ್ಯಕ್ಷರ ಕಾರು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿತ್ತು. “ಬನ್ನಿ, ಗಂಜಿ ತಣಿಯುತ್ತದೆ” ಎಂದು ಅಜ್ಜಿ ಗಟ್ಟಿಯಾಗಿ ಕರೆದರು. ಅವರು ಇಳಿಯಲಿಲ್ಲ. ಆದರೆ ಬೋರ್ಡು ಇವತ್ತಿಗೂ ಅಲ್ಲೇ ಉಂಟು, ಗಾಜು ಬರಲಿಲ್ಲ. ಬಂದ ದಿನ ಬಾಗಿಲಲ್ಲಿ ನಾನಿರುತ್ತೇನೆ.

ಮೇಡಂ ಫೋಟೋಗೆ ನಾನೇ ಕಟ್ಟು ಹಾಕಿದೆ, ಗಾಜಿಲ್ಲದೆ. ಧೂಳು ಕೂರುತ್ತದೆ ಎಂದರು ನೋಡಿದವರು. ಕೂರಲಿ, ಒರೆಸಲು ನನಗೆ ಕೈ ಉಂಟು.

ಆ ಗಂಜಿಯ ದಿನ ಒಳಗಿನಿಂದ ಅಂಗಳಕ್ಕೆ ಮುಡಿಯನ್ನು ನಾನೊಬ್ಬನೇ ಹೊತ್ತೆ. ಈ ವಯಸ್ಸಿಗೆ ಬೇಡ, ನಾಲ್ಕು ಜನ ಹಿಡಿಯುತ್ತೇವೆ ಎಂದರು, ಕೇಳಲಿಲ್ಲ. ಹೆಗಲು ಉರಿಯಿತು. ಅಪ್ಪ ಹೊತ್ತ ಮುಡಿಗಳೆಲ್ಲ ಧಣಿಗಳ ಅಂಗಳದಿಂದ ಉಗ್ರಾಣಕ್ಕೆ ಹೋದವು. ಒಂದನ್ನಾದರೂ ಉಗ್ರಾಣದಿಂದ ಅಂಗಳಕ್ಕೆ ತರುವ ಬಾಗಿಲು ತೆರೆದುಕೊಟ್ಟವರು ಮೇಡಂ. ಉಪ್ಪು ಕಡಿಮೆಯೇ ಹಾಕಿದ್ದೆ.