ಕೆ ಅಂದರೆ ಮೀನು, ಎ ಅಂದರೆ ಡೇರೆ

ಆಗ ನಮ್ಮ ಮುಧೋಳದಲ್ಲಿ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನೋಡುವ ವಸ್ತು. ಅಂಥದ್ದೊಂದು ಅಪ್ಪನ ಅಂಗಿಯ ಕಿಸೆಯಲ್ಲಿ ಕುಳಿತು ಮನೆಗೆ ಬಂದಾಗ ನಾನು ಐದನೇ ಇಯತ್ತೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಯಾವ ರೈತ ಯಾವ ತಳಿಯ ಕಬ್ಬು ನೆಟ್ಟಿದ್ದಾನೆ ಎಂಬುದನ್ನು ಇನ್ನು ಮೇಲೆ ಅದರಲ್ಲೇ ಬರೆಯಬೇಕೆಂದು ಸಾಹೇಬರು ಕೊಟ್ಟಿದ್ದರು.

ಅಂಗೈಯಗಲದ ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯ ಕೆಳಗಿನ ಪಟ್ಟಿಯಲ್ಲಿ ಅದರ ಜೊತೆಗೇ ಬಂದ ಕಡ್ಡಿಯಿಂದ ಇಂಗ್ಲಿಷ್ ಅಕ್ಷರ ಗೀಚಬೇಕು. ಅದೂ ಸಾಲೆಯಲ್ಲಿ ಕಲಿತ ಅಕ್ಷರವಲ್ಲ. ಕಡ್ಡಿ ಎತ್ತದೆ ಒಂದೇ ಎಳೆತಕ್ಕೆ ಮುಗಿಯಬೇಕು. ಎ ಅಂದರೆ ನಡುಗೆರೆಯಿಲ್ಲದ ಡೇರೆ, ಟಿ ಅಂದರೆ ಇಂಗ್ಲಿಷಿನ ಏಳು, ಕೆ ಅಂದರೆ ಮೀನು. ಪಟ್ಟಿಯ ಎಡಕ್ಕೆ ಬರೆದರೆ ಅಕ್ಷರ, ಬಲಕ್ಕೆ ಬರೆದರೆ ಅಂಕಿ. ನಾನು ಎರಡೇ ದಿನದಲ್ಲಿ ಕಲಿತೆ. ಅಪ್ಪನಿಗೆ ಎರಡು ತಿಂಗಳಾದರೂ ಬರಲಿಲ್ಲ.

ದಿನಾ ಸಂಜೆ ಗೆಳತಿಯರು ಕುಂಟಬಿಲ್ಲೆಗೆ ಕೂಗುತ್ತಿದ್ದರೆ ನಾನು ಕಟ್ಟೆಯ ಮೇಲೆ, ಕಬ್ಬಿನ ಒಣಗರಿಯ, ರವದಿಯ ವಾಸನೆ ಹೊಡೆಯುವ ಅಪ್ಪನ ಪಕ್ಕದಲ್ಲಿ.

"ಯಪ್ಪಾ, ಎಡಕ್ಕ ಬರಿ! ಎಷ್ಟ್ ಸಲ ಹೇಳ್ಲಿ?"

"ಎಡಕ್ಕನ ಬರದೇನಿ ಬೇ. ಇದಕ್ಕ ತಿಳಿವಲ್ತು."

ಮಲ್ಲಪ್ಪ ಎಂಬ ರೈತನ ಹೆಸರು ಬರೀ ಅಂಕಿಗಳ ಸಾಲಾಗಿರುತ್ತಿತ್ತು. ನನಗೆ ಅಳುವೇ ಬರುತ್ತಿತ್ತು.

ಒಮ್ಮೊಮ್ಮೆ ಅದು ಗಪ್ಪನೆ ನಿಂತುಬಿಡುತ್ತಿತ್ತು. ಬೆನ್ನಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದರೆ ಮತ್ತೆ ಜೀವ. ಅವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳೆಲ್ಲ ಹಾಗೆ ಒಂದೊಂದಾಗಿ ಕಾಣೆಯಾದವು. "ನನ್ನ ಸೀರಿ ಪಿನ್ನೂ ಬೇಕೇನ್ರಿ ಇದಕ್ಕ?" ಎಂದು ಅವ್ವ ಸಿಡುಕಿದಳು. ತಿಂಗಳಾದ ಮೇಲೆ ಸುಮ್ಮನೆ ಕಡ್ಡಿಯ ತಲೆ ತಿರುವಿದೆ. ಬಿಚ್ಚಿಕೊಂಡಿತು. ಒಳಗೆ ಆ ತೂತಿಗೆಂದೇ ಮಾಡಿದ ಪಿನ್ನೊಂದಿತ್ತು! ಯಾರೂ ನಗಲಿಲ್ಲ.

ಆಗಲೇ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಅರ್ಜಿ ಬಂತು. ಚೌಕಗಳಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯಬೇಕು. ನಾನು ಸರಸರನೆ ಬರೆದೆ, ಪಾಲಕರ ಜಾಗ ಅಪ್ಪ ತುಂಬಿದ. ಹೆಡ್‌ಮಾಸ್ತರರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಸ್ತೂರಿ, ಇದೇನವಾ? ಮೀನ, ಡೇರೆ, ಏಳು... ಹೆಸರೆಲ್ಲೈತಿ?" ಅಪ್ಪನ ಸಾಲಿಗೆ ಬೆರಳಿಟ್ಟರು; ಅಲ್ಲೂ ಡೇರೆಗಳೇ. "ಅಪ್ಪ ಮಗಳು ಯಾವ ಸಾಲಿ ಕಲ್ತೀರಿ?"

ನನ್ನ ಕೈ ಖರೇ ಅಕ್ಷರವನ್ನು ಮರೆತೇಬಿಟ್ಟಿತ್ತು. ಅರ್ಜಿ ಇದ್ದದ್ದು ಒಂದೇ. ಹೊಸದು ಬಾಗಲಕೋಟೆಯಲ್ಲೇ ಸಿಗಬೇಕು, ಕೊಡಲು ಮರುದಿನವೇ ಕೊನೆ.

ಬೆಳಗಿನ ಮೊದಲ ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಪೇಪರಿನ ಅಂಚಿನಲ್ಲಿ ಅಪ್ಪನಿಂದ ಬರೆಸಿದೆ. "ಯಪ್ಪಾ, ನಡುಗೆರಿ! ನಡುಗೆರಿ ಹಾಕು!" ಎಂದು ನಾನು ಕೂಗಿದರೆ ಮುಂದಿನ ಸೀಟಿನವರು ಹೊರಳಿ ನೋಡುತ್ತಿದ್ದರು. ಕಚೇರಿಯಲ್ಲಿ ನಾನು ಪೆನ್ನಿಗೆ ಕೈ ಚಾಚಿದೆ. "ನೀ ಸುಮ್ಮ ನಿಂದ್ರು," ಎಂದ ಅಪ್ಪ, ತುಟಿ ಕಚ್ಚಿಕೊಂಡು ಇಡೀ ಅರ್ಜಿಯನ್ನು ತಾನೇ ತುಂಬಿದ. ಅರ್ಧ ತಾಸು ಹಿಡಿಯಿತು. ಹಿಂದಿದ್ದವರು ಗೊಣಗಿದರು, ನಾನು ಅವರಿಗಿಂತ ಹೆಚ್ಚು ಗೊಣಗಿದೆ. ಗುಮಾಸ್ತರು ಒಂದೇ ಸಲಕ್ಕೆ ಓದಿ ಶಿಕ್ಕಾ ಒತ್ತಿದರು.

ಪಾಸಾದೆ. ಜೂನ್‌ನಲ್ಲಿ ಟ್ರಂಕು ಹಿಡಿದು ಹೊರಟೆ. ದಸರೆಗೆ ಬರುವಷ್ಟರಲ್ಲಿ ಕಾರ್ಖಾನೆಯವರು ಆ ಯಂತ್ರಗಳನ್ನೆಲ್ಲ ವಾಪಸು ಇಸಿದುಕೊಂಡಿದ್ದರು. ಅಪ್ಪ ನೋಟ್‌ಬುಕ್ಕಿಗೆ ಮರಳಿದ್ದ, ಬಹಳ ಖುಷಿಯಲ್ಲಿದ್ದ.

ಈಗ ಅಪ್ಪ ಫೋನಿಗೆ ಕನ್ನಡದಲ್ಲೇ ಮಾತಾಡುತ್ತಾನೆ, ಅದು ಬರೆದುಕೊಳ್ಳುತ್ತದೆ. ತಪ್ಪಾದರೆ ತಾನೇ ತಿದ್ದುತ್ತಾನೆ. ನಾನು ಹಬ್ಬಕ್ಕೆ ಹೋದರೂ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ, ನಮ್ಮ ನಮ್ಮ ಫೋನು ಹಿಡಿದು, ಬಹಳ ಮರ್ಯಾದೆಯಿಂದ ಇರುತ್ತೇವೆ. ಅಪ್ಪನ ಮೇಲೆ ಸಿಟ್ಟಿಗೇಳುವಷ್ಟು ಹತ್ತಿರ ಕುಳಿತು ಎಷ್ಟು ವರ್ಷವಾಯಿತೋ.