ಬೇಲಿಯ ಕೊಕ್ಕೆ

ನನಗೆ ಮೂಗಿನ ತುದಿಯಲ್ಲೇ ಕೋಪ. ತಮಿಳುನಾಡಿನ ಅಂಚಿನ ನಮ್ಮ ತಿಗನಾರೆಯಲ್ಲಿ ರಂಗಸ್ವಾಮಿ ಎಂದರೆ ಜನ ಮೊದಲು ಅದನ್ನೇ ಹೇಳುತ್ತಾರೆ. ಆ ಕೋಪದ ಕೈ ಒಂದು ಸಲ ಸುಧಾಮಣಿಯ ಕೆನ್ನೆಗೂ ಬಿದ್ದಿತ್ತು. ಅವಳಿಗಾಗ ಹತ್ತು ವರ್ಷ. ಅವಳ ತಾಯಿ ಬೊಮ್ಮಮ್ಮ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಾಳೆ. ಒಂದು ಸಂಜೆ ಈ ಹುಡುಗಿ, ಆನೆ ಬರದಂತೆ ಹಾಕಿದ ಸೋಲಾರ್ ಕರೆಂಟಿನ ಬೇಲಿಯಲ್ಲಿ ದಾರಿಗೆ ಅಡ್ಡ ಕಟ್ಟಿದ ತಂತಿ ಬಿಚ್ಚಿ ಆಚೆ ಹೋದವಳು ಕೊಕ್ಕೆ ಹಾಕದೆ ಹೊರಟುಬಿಟ್ಟಳು. ಬೆಳಗ್ಗೆ ನೋಡಿದರೆ ಒಂದೂವರೆ ಎಕರೆ ರಾಗಿ ಆನೆಗಳ ಪಾಲು. ಊರವರ ಎದುರಿಗೇ ಬಾರಿಸಿದೆ. ಅಲ್ಲಿಂದಾಚೆ ಅವಳು ಆ ಕೊಕ್ಕೆ ಮರೆತದ್ದೇ ಇಲ್ಲ. ದನ ಕೈತಪ್ಪಿ ಓಡುತ್ತಿದ್ದರೂ ನಿಂತು, ಪ್ಲಾಸ್ಟಿಕ್ ಹಿಡಿಯನ್ನು ಎಳೆದು ಸಿಕ್ಕಿಸಿಯೇ ಹೋಗುವಳು. ಅದು ನನ್ನ ಏಟಿನ ಹೆಚ್ಚುಗಾರಿಕೆ ಎಂದು ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದೆ, ಎಂಥ ಮುಠ್ಠಾಳ ನಾನು.

ಅವಳ ಸೈಕಲ್ಲು ಗೇರು ಮುರಿದ ಹಳೆಯ ಮೌಂಟನ್ ಬೈಕು. ತಾಳವಾಡಿಯ ಅಂಗಡಿಯವನು ಗೇರೆಲ್ಲ ಕಿತ್ತುಹಾಕಿ ಒಂದೇ ಹಲ್ಲುಚಕ್ರ ಕೂರಿಸಿಕೊಟ್ಟಿದ್ದ. ಏರು ಬಂದರೆ ಹಗುರ ಮಾಡಿಕೊಳ್ಳಲು ಬೇರೆ ಗೇರಿಲ್ಲ. ಇಳಿಜಾರಿನ ಓಟವನ್ನು ಉಳಿಸಿಕೊಂಡು ಮುಂದಿನ ಏರಿಗೆ ನುಗ್ಗಬೇಕು, ಇಲ್ಲದಿದ್ದರೆ ಎದ್ದು ನಿಂತು ಜೀವ ಬಿಟ್ಟು ತುಳಿಯಬೇಕು.

ಈ ವರ್ಷ ಕೊಯಮತ್ತೂರಿನ ಸೈಕಲ್ ಕ್ಲಬ್ಬೊಂದು ನಮ್ಮೂರಿನ ದಿಣ್ಣೆಗಳಲ್ಲಿ ಗೇರಿಲ್ಲದ ಸೈಕಲ್ಲುಗಳ ಪಂದ್ಯ ಇಟ್ಟಿತು. ಗೆದ್ದ ಒಬ್ಬ ಹುಡುಗಿಗೆ ತರಬೇತಿಯ ಹಾಸ್ಟೆಲಿನಲ್ಲಿ ಜಾಗ. ಇಪ್ಪತ್ತು ತುಂಬಿದವರಿಗೆ ಇಲ್ಲ. ಸುಧಾಮಣಿಗೆ ಮುಂದಿನ ತಿಂಗಳೇ ಇಪ್ಪತ್ತು.

"ಇದೊಂದು ತಪ್ಪೋದ್ರೆ ನಂಗೂ ಅವ್ವನಂಗೆ ನಿಮ್ಮೊಲ್ದಲ್ಲಿ ಕಳೆ ಕೀಳೋದೇ ಗತಿ ಗೌಡ್ರೇ" ಎಂದಳು.

ದಾರಿ ನನ್ನ ಹೊಲದಲ್ಲೇ ಹಾದುಹೋಗುತ್ತಿತ್ತು. ಬೆಳಗ್ಗೆ ನಾನೇ ಕರೆಂಟು ಆರಿಸಿ, ತಂತಿ ಬಿಚ್ಚಿಟ್ಟು, ದಿಣ್ಣೆ ಹತ್ತಿ ಕುಳಿತೆ. ದಾರಿಯಲ್ಲಿ ಏನನ್ನೂ ಮುಟ್ಟಬಾರದು ಎಂದು ಕ್ಲಬ್ಬಿನವರು ಎಲ್ಲರಿಗೂ ಹೇಳಿದ್ದರು. ಅವಳೂ ತಲೆ ಆಡಿಸಿದ್ದಳು.

ಇಳಿಜಾರಿನಲ್ಲಿ ಮೊದಲು ಕಂಡದ್ದು ಅವಳೇ. ಮಿಕ್ಕ ಐದು ಜನ ಇನ್ನೂ ಮೇಲಿನ ತಿರುವಿನಲ್ಲಿದ್ದರು. ಬೇಲಿ ದಾಟಿದಳು. ಎದುರಿಗೆ ಕೊನೆಯ ಏರು. ಅಲ್ಲಿ ಬ್ರೇಕು ಹಿಡಿದಳು.

"ಬುಟ್ಬುಡು ಕಣವ್ವಾ, ನಡಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಾಳಿಗೆ ಕೇಳಿಸಲಿಲ್ಲ. ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು, ತಂತಿ ಎಳೆದು, ಕೊಕ್ಕೆ ಸಿಕ್ಕಿಸಿದಳು. ಓಟವೆಲ್ಲ ಸತ್ತುಹೋಗಿತ್ತು. ನಿಂತ ಜಾಗದಿಂದ ಆ ಏರಿಗೆ ತುಳಿದಳು, ಮೈಯನ್ನು ಎಡಕ್ಕೂ ಬಲಕ್ಕೂ ಎಸೆಯುತ್ತ, ಬಾಯಿ ತೆರೆದುಕೊಂಡು. ಚೈನು ಕಿತ್ತುಬರುತ್ತದೆ ಎಂದುಕೊಂಡೆ. ಹೇಗೋ ಏರಿ ಆಚೆ ಇಳಿದಳು.

ಹಿಂದೆ ಬಂದವರು ಮುಚ್ಚಿದ ತಂತಿ ಕಂಡು ಕರೆಂಟಿಗೆ ಹೆದರಿ ನಿಂತರು. ಒಬ್ಬಳು ಬಿದ್ದು ಮೊಣಕೈ ತರಚಿಕೊಂಡಳು. ನಾನು ಓಡಿಬಂದು ಬಿಚ್ಚುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು.

ಸುಧಾಮಣಿ ಮೊದಲು ಗುರಿ ಮುಟ್ಟಿದಳು, ನಗುತ್ತಿದ್ದಳು. ಆಮೇಲೆ ದೂರು ಬಂತು. ತೀರ್ಪುಗಾರರು, ತಲೆ ನರೆತ ಮನುಷ್ಯ, ಬೇಲಿ ಯಾಕೆ ಮುಚ್ಚಿದೆ ಎಂದು ಅವಳನ್ನು ತಮಿಳಿನಲ್ಲಿ ಕೇಳಿದರು.

"ನಾನಾ? ನಾನು ಮುಚ್ಚುದ್ನಾ?" ಎಂದು ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಬೊಮ್ಮಮ್ಮ ಅವರ ಕಾಲು ಹಿಡಿದಳು. ನನಗೆ ತಡೆಯಲಾಗಲಿಲ್ಲ. ನನಗೆ ಬಂದ ತಮಿಳಿನಲ್ಲೇ ಹೇಳಿದೆ, ಗೇರಿಲ್ಲದ ಸೈಕಲ್ಲಿನಲ್ಲಿ ಏರಿನ ಬುಡದಲ್ಲಿ ಯಾರಾದರೂ ಬೇಕೆಂದು ನಿಲ್ಲುತ್ತಾರೆಯೇ ಸಾರ್, ಅದು ಅವಳ ಬುದ್ಧಿಯಲ್ಲ, ಚಿಕ್ಕವಳಿದ್ದಾಗ ನಾನು ಹೊಡೆದು ಕಲಿಸಿದ್ದು. ಅವರು ಪೂರ್ತಿ ಕೇಳಿಸಿಕೊಂಡರು. ನಂಬುತ್ತೇನೆ ಎಂದರು. ಆದರೆ ಉಳಿದವರ ಪಂದ್ಯ ಕೆಟ್ಟಿತಲ್ಲ ಎಂದು, ಎರಡನೆಯವಳಾಗಿ ಬಂದ ಈರೋಡಿನ ಹುಡುಗಿಯನ್ನು ಗೆದ್ದವಳೆಂದು ಬರೆದರು.

ಮಧ್ಯಾಹ್ನ ಮೂವರೂ ಹೊಲದ ದಾರಿಯಲ್ಲಿ ನಡೆದು ಬಂದೆವು. ಸುಧಾಮಣಿ ಸೈಕಲ್ಲು ತಳ್ಳುತ್ತಿದ್ದಳು. ನಾನು ಬಿಚ್ಚಿದ ತಂತಿ ಹಾಗೇ ನೆಲದ ಮೇಲೆ ಬಿದ್ದಿತ್ತು. ಅವಳು ದಾಟಿದಳು, ಬೊಮ್ಮಮ್ಮ ದಾಟಿದಳು, ನಾನೂ ದಾಟಿದೆ. ಅಭ್ಯಾಸದಂತೆ ನಾನು ಅವಳ ಕಡೆ ನೋಡಿದೆ.

"ಇವತ್ತು ಕೊಕ್ಕೆ ನೀವೇ ಆಕಿ ಗೌಡ್ರೇ" ಎಂದಳು.

ಬಗ್ಗಿ ತಂತಿ ಎತ್ತಿಕೊಂಡೆ. ಕೊಕ್ಕೆ ಎರಡು ಸಲ ತಪ್ಪಿತು. ಅವಳು ತಿರುಗಿ ನೋಡದೆ ಹೋದಳು.