ಅಮ್ಮನಿಗೆ ಹತ್ತಕ್ಕೆ ಏಳು

ಮದುವೆಯ ಆಮಂತ್ರಣ ಪತ್ರಿಕೆಗಳನ್ನು ನಮ್ಮ ಮನೆಯಲ್ಲಿ ಎಸೆಯುವುದಿಲ್ಲ. ದೇವರ ಪಟ ಅಚ್ಚಾದ ಕಾಗದವನ್ನು ಕಸಕ್ಕೆ ಹಾಕಬಾರದೆಂಬುದು ನನ್ನ ಹೆಂಡತಿ ಜಯಂತಿಯ ನೇಮ. ಅಷ್ಟು ದಪ್ಪನೆಯ, ಒಂದು ಮಗ್ಗುಲು ಪೂರ್ತಿ ಖಾಲಿಯಿರುವ ರಟ್ಟನ್ನು ಎಸೆಯಲು ಕೈ ಬಾರದಿರುವುದು ಡ್ರಾಯಿಂಗ್ ಮೇಷ್ಟ್ರಾದ ನನ್ನ ಜಿಪುಣತನ. ಭಕ್ತಿಯೂ ಜಿಪುಣತನವೂ ಕೂಡಿಕೊಂಡು ಹೊಳೆನರಸೀಪುರದ ನಮ್ಮ ಪುಟ್ಟ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ಪರರ ಶುಭವಿವಾಹಗಳನ್ನು ಪೇರಿಸಿಟ್ಟಿವೆ. ಕಳೆದ ವರ್ಷ ಆ ಟ್ರಂಕನ್ನು ಕೆಳಗಿಳಿಸಿ, ಗಣಪತಿಯಿದ್ದ ಭಾಗವನ್ನು ಜೋಪಾನವಾಗಿ ಬಿಟ್ಟು, ಉಳಿದದ್ದನ್ನು ಅಂಗೈಯಗಲಕ್ಕೆ ಕತ್ತರಿಸಿ, ಅದರ ಬೆನ್ನ ಮೇಲೆ ಒಂದು ಮಾಯಾಲೋಕವನ್ನು ಬರೆಯುವ ಯೋಗ ನನಗೆ ಒದಗಿತು.

ಕೆಲಸ ಕೊಟ್ಟವರು ಬೆಂಗಳೂರಿನ ಒಂದು ಸಣ್ಣ ಕಂಪನಿಯವರು. ಅವರದು ಎಲೆಯಾಟ, ಆದರೆ ಇಸ್ಪೀಟಿನ ರಾಜ, ರಾಣಿ, ಗುಲಾಮರ ಹಳೆಯ ಸಂಸಾರವಲ್ಲ. ಒಂದೊಂದು ಎಲೆಯ ಮೇಲೂ ಒಂದು ಮಾಯಾಜೀವಿ, ಮೂಲೆಯಲ್ಲಿ ಅದರ ಬಲವನ್ನು ಹೇಳುವ ಒಂದರಿಂದ ಹತ್ತರವರೆಗಿನ ಒಂದು ಅಂಕೆ. ಆಡುವವರು ಇವನ್ನು ಕೊಂಡು ಕೂಡಿಟ್ಟುಕೊಂಡು, ತಮ್ಮತಮ್ಮಲ್ಲೇ ಬದಲಾಯಿಸಿಕೊಂಡು, ಎದುರುಬದುರು ಇಟ್ಟು ಕಾದಾಡಿಸುತ್ತಾರೆ. ದೊಡ್ಡ ಅಂಕೆ ಸಣ್ಣ ಅಂಕೆಯನ್ನು ನುಂಗುತ್ತದೆ. ಇದುವರೆಗೆ ಅದರ ತುಂಬ ಪಡುವಣದ ಕೋಟೆಗಳೂ ಗಡ್ಡದ ಮಾಂತ್ರಿಕರೂ ಇದ್ದರಂತೆ. ಈಗ ಏಷ್ಯಾದ ಸರದಿ ಬಂದಿತ್ತು. ಅರವತ್ತು ಹೊಸ ಎಲೆಗಳಲ್ಲಿ ಇಡೀ ಖಂಡ ಮುಗಿಯಬೇಕು. ಚೀನಾ ಜಪಾನುಗಳಿಗೆ ಸಿಂಹಪಾಲು ಹೋಗಿ, ಮಂಗೋಲಿಯಾಕ್ಕೆ ಒಂದು ಕುದುರೆ ಸಿಕ್ಕಿ, ಕೊನೆಗುಳಿದ ಆರು ಎಲೆಗಳು 'ದಕ್ಷಿಣ ಭಾರತದ ಗ್ರಾಮಶಕ್ತಿಗಳು' ಎಂಬ ಘನವಾದ ಹೆಸರಿನಲ್ಲಿ ನನ್ನ ಮಡಿಲಿಗೆ ಬಿದ್ದವು. ಅಣ್ಣತಮ್ಮಂದಿರು ಒಂದು ಬಾವಿಯನ್ನು ಪಾಲು ಮಾಡಿಕೊಳ್ಳಲು ಮೂರು ತಲೆಮಾರು ತೆಗೆದುಕೊಳ್ಳುವ ಸೀಮೆಯವನಾದ ನನಗೆ, ಒಂದು ಖಂಡವನ್ನು ಅರ್ಧ ಗಂಟೆಯಲ್ಲಿ ಹಂಚಿ ಮುಗಿಸಿದ ಅವರ ಕೈಚಳಕ ಕಂಡು ಗೌರವವೇ ಹುಟ್ಟಿತು.

ಕಂಪನಿಯ ಪರವಾಗಿ ನನ್ನೊಡನೆ ಮಾತಾಡುತ್ತಿದ್ದವಳು ಅನನ್ಯ ಎಂಬ ಚುರುಕು ಹುಡುಗಿ. ಅವಳು ಮೊದಲ ದಿನವೇ ಹೇಳಿಬಿಟ್ಟಳು: "ಸರ್, ನಿಮ್ಮ ಆರರಲ್ಲಿ ಒಂದು ಡ್ರ್ಯಾಗನ್ ಇರ್ಲೇಬೇಕು. ಡ್ರ್ಯಾಗನ್ ಇಲ್ದಿದ್ರೆ ಏಷ್ಯಾ ಅಂತ ಯಾರೂ ನಂಬಲ್ಲ."

ಐವತ್ತೆರಡು ವರ್ಷ ಡ್ರ್ಯಾಗನ್ನಿನ ಮುಖ ಕಾಣದೆ ಏಷ್ಯಾದಲ್ಲೇ ಬದುಕಿಬಿಟ್ಟೆನಲ್ಲ ಎಂದು ನನಗೆ ಸಂಕೋಚವಾಯಿತು. ಒಂದು ವಾರ ತಲೆ ಕೆರೆದುಕೊಂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಚಿತ್ರ ಬರೆದು ಕಳಿಸಿದೆ. ನೋಡದವರಿಗೆ ಹೇಳುತ್ತೇನೆ, ಅದೊಂದು ಎತ್ತರದ, ಕಿಟಕಿಯಿಲ್ಲದ ಒಂಟಿ ಕೋಣೆ. ಹೊಟ್ಟೆಯಲ್ಲಿ ಆರದ ಬೆಂಕಿ, ನೆತ್ತಿಯಲ್ಲಿ ಹೊಗೆ, ಎಷ್ಟು ಗಾಡಿ ಸೌದೆ ತಿಂದರೂ ತೀರದ ಹಸಿವು, ಮುಂದೆ ನಿದ್ದೆಗೆಟ್ಟು ಕೂತ ಭಯಭಕ್ತಿಯ ಮನುಷ್ಯರು. ನಾನು ಕಲ್ಪಿಸಿದ್ದು ಎರಡು ಕಣ್ಣುಗಳನ್ನು ಮಾತ್ರ. ಅನನ್ಯ ಹಿಗ್ಗಿಹೋಗಿ ಅದಕ್ಕೆ ಒಂಬತ್ತು ಕೊಟ್ಟಳು. ಆಮೇಲೆ ಧೈರ್ಯ ಬಂತು. ದೃಷ್ಟಿ ತೆಗೆಯುವ ಬೂದುಗುಂಬಳ, ತುಂಬಿ ತುಳುಕಿದ ಮೇಲೂ ಇನ್ನಿಬ್ಬರನ್ನು ಹತ್ತಿಸಿಕೊಳ್ಳುವ ಹಾಸನದ ಬಸ್ಸು, ಇವೆರಡೂ ಎಲೆಗಳಾದವು. ರಾಗಿಮುದ್ದೆಗೆ ಬಲ ಬರೀ ಎರಡು ಹಾಕಿದೆ, ಆದರೆ ಅದನ್ನು ನುಂಗಿದ ಜೀವಿ ಮೂರು ಸರದಿ ಕಣ್ಣು ಬಿಡದೆ ಮಲಗಿರಬೇಕೆಂಬ ನಿಯಮ ಮಾಡಿದೆ. ಭಾನುವಾರದ ಊಟವಾದ ಮೇಲೆ ಈ ನಿಯಮವನ್ನು ನಾನೇ ಸ್ವತಃ ಪರೀಕ್ಷಿಸಿ ನೋಡಿದೆ.

ಉಳಿದದ್ದು ಎರಡು ಎಲೆ. ನಾನು ಕೆಟ್ಟದ್ದು ಅಲ್ಲೇ.

ನನ್ನ ಹುಟ್ಟೂರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಕೆರೆಯ ಕೋಡಿಯ ಪಕ್ಕದಲ್ಲಿ ಕೂತ ಕೋಡಿಯಮ್ಮ ನಮ್ಮ ಊರಮ್ಮ. ಜಯಂತಿಯ ತವರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಅಲ್ಲಿಯ ದೇವತೆ ಹುತ್ತದಮ್ಮ. ಇಬ್ಬರೂ ಒಡಹುಟ್ಟಿದವರು, ಲೋಕ ನೋಡಲು ಜೊತೆಯಾಗಿ ಹೊರಟವರು, ಕಾಲು ಸೋತಲ್ಲಿ ಒಬ್ಬೊಬ್ಬಳೇ ಕೂತವರು. ಇಷ್ಟರವರೆಗೆ ಎರಡೂ ಊರಿನ ಕಥೆ ಒಂದೇ. ಇವರಲ್ಲಿ ಅಕ್ಕ ಯಾರೆಂಬ ಪ್ರಶ್ನೆ ಬಂದಾಗ ಮಾತ್ರ, ಕೋಡಿಯಮ್ಮನೆಂದು ನಮ್ಮೂರೂ ಹುತ್ತದಮ್ಮನೆಂದು ಅವರೂರೂ ಹುಟ್ಟಿದಾರಭ್ಯ ಬಲ್ಲವು. ವರ್ಷಕ್ಕೊಮ್ಮೆ ನಮ್ಮೂರಿನವರು ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣಗಳ ಮಡಿಲಕ್ಕಿಯನ್ನು ಹೊತ್ತು, ಅಕ್ಕ ತಂಗಿಗೆ ಕೊಡುವ ಮರ್ಯಾದೆಯೆಂದು ಹುತ್ತದಮ್ಮನಿಗೆ ಒಯ್ಯುತ್ತಾರೆ. ಅವರೂರಿನವರು ಅದನ್ನು ಕಣ್ಣಿಗೊತ್ತಿಕೊಂಡು, "ತಂಗಿ ಪಿರೀತಿಯಿಂದ ಕಳ್ಸವ್ಳೆ" ಎಂದು ಇಳಿಸಿಕೊಳ್ಳುತ್ತಾರೆ. ತಿಂಗಳು ಕಳೆಯುವುದರೊಳಗೆ ಅವರ ಮಡಿಲಕ್ಕಿ ನಮ್ಮೂರಿಗೆ ಬರುತ್ತದೆ, ನಾವೂ ಅದೇ ಮಾತು ಹೇಳಿ ಇಳಿಸಿಕೊಳ್ಳುತ್ತೇವೆ. ತಂದವರಿಗೆ ಹಬ್ಬದೂಟ ಹಾಕಿ, ಎಲೆಅಡಿಕೆ ಕೊಟ್ಟು ಕಳಿಸಿಕೊಡುತ್ತೇವೆ. ಎದುರಿನವರು ಏನೆಂದುಕೊಂಡಿದ್ದಾರೆಂದು ಇಬ್ಬರಿಗೂ ಚೆನ್ನಾಗಿ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಜಗತ್ತಿನ ಎಷ್ಟೋ ಜಗಳಗಳು ತೀರ್ಮಾನವಾಗದೆ ಉಳಿದದ್ದರಿಂದಲೇ ಜನ ನೆಂಟಸ್ತನ ಮಾಡಿಕೊಂಡು ಬಾಳಿದ್ದಾರೆಂದು ನನಗೆ ಈಗ ಅನಿಸುತ್ತದೆ. ನಮ್ಮ ಮದುವೆಯೂ ಅಂಥದೊಂದು ಮಡಿಲಕ್ಕಿಯ ಊಟದ ಪಂಕ್ತಿಯಲ್ಲೇ ಕುದುರಿದ್ದು.

ಇಂಥ ಕಡೆ ಹೋಗಿ ನಾನು ಕೋಡಿಯಮ್ಮನಿಗೆ ಎಂಟು, ಹುತ್ತದಮ್ಮನಿಗೆ ಏಳು ಹಾಕಿಬಿಟ್ಟೆ. ಯೋಚಿಸಿ ಹಾಕಿದ್ದಲ್ಲ, ಗುರುವೇ. ಮಕ್ಕಳು ಬರೆದ ಮಾವಿನಹಣ್ಣು, ಹೂದಾನಿಗಳಿಗೆ ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂದು ಹಾಕುತ್ತ ಬಂದ ಕೈ ಇದು. ಮಾವಿನಹಣ್ಣು ಯಾವತ್ತೂ ತಿರುಗಿ ಕೇಳಿರಲಿಲ್ಲ.

ಜಯಂತಿ ಕೇಳಿದಳು. ಊಟದ ಮೇಜಿನ ಮೇಲೆ ಒಣಗಲು ಇಟ್ಟಿದ್ದ ಎರಡೂ ಎಲೆಗಳನ್ನು ಪಕ್ಕಪಕ್ಕ ಜೋಡಿಸಿ ನೋಡಿ, "ನಿಮ್ಮಮ್ಮಂಗೆ ಎಂಟು, ನಮ್ಮಮ್ಮಂಗೆ ಏಳಾ? ಯಾವ ತಕ್ಕಡೀಲಿ ತೂಗುದ್ರಿ?" ಎಂದಳು. ಕೈಗೆ ಬಂದದ್ದು ಬರೆದೆನೆಂದು ನಾನು ನಿಜವನ್ನೇ ಹೇಳಿದೆ. ಹೇಳಬಾರದಿತ್ತು.

"ಮನಸಲ್ಲಿ ಇದ್ದಿದ್ದೇ ಅಲ್ವಾ ಕೈಗೆ ಬರೋದು," ಎಂದಳು. "ನಮ್ಮೋರು ಅಂದ್ರೆ ನಿಮಗೆ ಯಾವಾಗ್ಲೂ ಒಂದು ಕಮ್ಮೀನೇ."

ಅಲ್ಲಿಂದ ಮಾತು ನಿಂತಿತು. ಬಡಿಸುವಳು, ಬಟ್ಟೆ ಮಡಿಸಿಡುವಳು, ಮಾತಿಲ್ಲ. ಏಳನ್ನು ಅಳಿಸಿ ಎಂಟು ಮಾಡಿ ತೋರಿಸಿದೆ, ಕಣ್ಣೆತ್ತಿ ನೋಡಲಿಲ್ಲ. ಅವಳು ಕೇಳಿದ ಮೇಲೆ ಬರೆದದ್ದು ಮನಸಾರೆ ಕೊಟ್ಟಂತಾಗುವುದಿಲ್ಲವೆಂದು ಇಪ್ಪತ್ತಾರು ವರ್ಷದ ಸಂಸಾರಿಯಾದ ನನಗೆ ತಿಳಿದಿರಬೇಕಿತ್ತು. ಅವಳ ಮಾತಿಲ್ಲದ ಮನೆಯಲ್ಲಿ ನನಗೆ ಹೆದರಿಕೆಯಾಗುತ್ತಿತ್ತು, ಏಕೆಂದರೆ ಅವಳು ಹೇಳಿದ್ದು ಸುಳ್ಳೆಂದು ಎದೆ ತಟ್ಟಿ ಹೇಳಲು ನನ್ನಿಂದ ಆಗಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಫೋನಿನಲ್ಲಿ ಅವಳ ತಮ್ಮ ರಂಗೇಗೌಡನಿಗೆ ಮುಟ್ಟಿತ್ತು. ಅವನು ಊರಿನ ಇಬ್ಬರು ಯಜಮಾನರನ್ನು ಕರೆದುಕೊಂಡು ಬಂದೇಬಿಟ್ಟ. "ಬಾವ, ಚೀನಾದೋರ ಹಾವಿಗೆ ಅತ್ತಕ್ಕೆ ಅತ್ತಂತೆ, ಹೊಗೆಸೊಪ್ಪು ಬೇಯ್ಸೋ ಗೂಡಿಗೆ ಒಂಬತ್ತಂತೆ. ನಮ್ಮವ್ವ ಗೂಡಿಗಿಂತ ಕಡೆಯಾ? ನಾನು ಊರಲ್ಲಿ ಮಕ ಎತ್ಕಂಡು ತಿರುಗೋದು ಎಂಗೆ ಯೋಳಿ." ಅವರಿಗೆ ಕಾಫಿ ಕೊಟ್ಟು ಒಂಬತ್ತಕ್ಕೆ ಒಪ್ಪಿಸುವಷ್ಟರಲ್ಲಿ ನಮ್ಮೂರಿನಿಂದ ಫೋನು ಬಂತು: ಅವರಿಗೆ ಒಂಬತ್ತಾದರೆ ನಮಗೆ ಹತ್ತು. ಸಂಜೆಯ ಹೊತ್ತಿಗೆ ಇಬ್ಬರು ತಾಯಂದಿರೂ ಹದಿನಾಲ್ಕು, ಹದಿನೈದರಲ್ಲಿ ನಡೆಯುತ್ತಿದ್ದರು. ಅನನ್ಯ, "ಸರ್, ಹತ್ತರ ಮೇಲೆ ಹೋದ್ರೆ ಆಟಾನೇ ಒಡೆದುಹೋಗುತ್ತೆ. ಶುಕ್ರವಾರ ಸಂಜೆ ಕೊನೆ ಗಡುವು. ಆಗಿಲ್ಲಾಂದ್ರೆ ಆ ಎರಡು ಎಲೆ ಮಂಗೋಲಿಯಾಕ್ಕೆ ಕೊಟ್ಬಿಡ್ತೀವಿ," ಎಂದಳು. ಅಕ್ಕತಂಗಿಯರ ಜಾಗದಲ್ಲಿ ಎರಡು ಕುದುರೆ ಬಂದು ನಿಲ್ಲುವುದನ್ನು ಯಾವ ಊರೂ ಸಹಿಸುವಂತಿರಲಿಲ್ಲ.

ಕೊನೆಗೆ ಯಜಮಾನರು, ಅವ್ವನ ಬಲವನ್ನು ಅವ್ವನನ್ನೇ ಕೇಳುವುದೆಂದು ತೀರ್ಮಾನಿಸಿದರು. ನಮ್ಮ ಸೀಮೆಯಲ್ಲಿ ಹೆಣ್ಣು ನೋಡುವುದಕ್ಕೂ ಬೋರು ಕೊರೆಸುವುದಕ್ಕೂ ಹೂವಿನ ಅಪ್ಪಣೆ ಕೇಳುವುದುಂಟು. ದೇವಿಯ ಮೈಮೇಲೆ ನೀರಲ್ಲಿ ಅದ್ದಿದ ಹೂಗಳನ್ನು ಅಂಟಿಸಿ ಕೇಳಿಕೊಂಡರೆ, ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಎಲೆಯಾಟದ ಅಂಕೆಗೆ ಅಪ್ಪಣೆ ಕೇಳಿದ್ದು ಇದೇ ಮೊದಲಿರಬೇಕು. ಶುಕ್ರವಾರ ಬೆಳಿಗ್ಗೆ ನಾವೆಲ್ಲ ಹುತ್ತದಮ್ಮನ ಗುಡಿಯಲ್ಲಿ ಕೂತೆವು. ಪೂಜಾರಿ ತಮ್ಮಯ್ಯ ಕಾಯಿ ಒಡೆದು, ಕೈಮುಗಿದು, "ತಾಯಿ, ಎಂಟು ಸಾಕಾ? ಸಾಕು ಅನ್ನಂಗಿದ್ರೆ ಬಲಗಡೆ ಕೊಡವ್ವ," ಎಂದ. ಹೂ ಅಲುಗಲಿಲ್ಲ. ಒಂಬತ್ತು ಅಂದ. ಹತ್ತು ಅಂದ. ರಂಗೇಗೌಡ ಹಿಂದಿನಿಂದ ತಿವಿದದ್ದಕ್ಕೆ ಇಪ್ಪತ್ತು ಅಂದ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಹಾಜರಿ ಕೂಗಿದರೂ ಓಗೊಡದ ಹಿಂದಿನ ಬೆಂಚಿನ ಹುಡುಗಿಯಂತೆ ತಾಯಿ ಸುಮ್ಮನೆ ಕೂತಿದ್ದಳು. ಬಿಸಿಲೇರಿತು. ತಮ್ಮಯ್ಯ ಬೆವರೊರೆಸಿಕೊಂಡು, "ಅವ್ವಂಗೆ ಈ ಲೆಕ್ಕ ಹಿಡ್ಸಿಲ್ಲ ಕನ್ರಪ್ಪ," ಎಂದು ಕಂಬಕ್ಕೊರಗಿದ.

ಆಗ ಜಯಂತಿ ಆರು ದಿನದ ಮೇಲೆ ನನ್ನೊಡನೆ ಮಾತಾಡಿದಳು. "ನಂಬರು ಹಾಳಾಗೋಗ್ಲಿ. ನೀವು ಎದ್ದು ನಿಂತ್ಕಂಡು ಒಂದು ಸಲ ಅವಳನ್ನ ಅಕ್ಕ ಅನ್ನಿ."

ಗುಡಿ ತುಂಬ ಜನ. ನಮ್ಮೂರಿನಿಂದ ಪಂಚಾಯ್ತಿ ನೋಡಲು ಬಂದ ಇಬ್ಬರು ಬಾಗಿಲಲ್ಲೇ ನಿಂತಿದ್ದರು. ನಾಳೆ ಬೆಳಗಾಗುವುದರೊಳಗೆ ನನ್ನ ಮಾತು ಕೋಡಿಯ ನೀರು ದಾಟಿರುತ್ತದೆ. ಇಪ್ಪತ್ತಾರು ವರ್ಷ ಈ ಗುಡಿಗೆ ಅಳಿಯನಾಗಿ ಬಂದಿದ್ದೇನೆ, ಕೈಮುಗಿದಿದ್ದೇನೆ, ಬಾಳೆಲೆಯ ಮೇಲೆ ಬಡಿಸಿದ್ದನ್ನೆಲ್ಲ ಉಂಡಿದ್ದೇನೆ. ಈ ಒಂದು ಮಾತು ಮಾತ್ರ ಬಾಯಿಗೆ ಬಂದಿರಲಿಲ್ಲ, ಬರಬೇಕೆಂದೂ ತೋಚಿರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ನಿಂತು, "ಅಮ್ಮ, ನೀನೇ ಅಕ್ಕ," ಎಂದೆ. ತಮ್ಮಯ್ಯ ಏನೂ ಕೇಳಿಕೊಂಡಿರಲಿಲ್ಲ, ಗಂಟೆಯೂ ಆಡಿಸಿರಲಿಲ್ಲ. ಬಲಗಡೆಯ ಕಣಗಿಲೆ ಹೂ ಜಾರಿ ಬಿತ್ತು.

ಬಿಸಿಲಿಗೆ ನೀರಾರಿ ಬಿತ್ತೆಂದು ನೀವು ಹೇಳಬಹುದು, ನಾನು ವಾದಿಸಲಾರೆ. ಚನ್ನರಾಯಪಟ್ಟಣದಿಂದ ವಾಪಸು ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ರಟ್ಟಿಟ್ಟುಕೊಂಡು ಎರಡೂ ಎಲೆಗಳ ಮೂಲೆಯ ಅಂಕೆಯನ್ನು ಕೆರೆದು ತೆಗೆದೆ, ಎರಡರ ಮೇಲೂ ಆ ಜಾಗದಲ್ಲಿ 'ಅಕ್ಕ' ಎಂದು ಬರೆದೆ. ಇವರಿಬ್ಬರು ಎದುರಾದರೆ ಕಾದಾಟವಿಲ್ಲ. ಆಡುವವರು ತಮ್ಮ ಕೈಯಿಂದ ಒಂದೊಂದು ಎಲೆಯನ್ನು ಎದುರಿನವರಿಗೆ ಕೊಟ್ಟು ಮುಂದೆ ಸಾಗಬೇಕೆಂದು ನಿಯಮ ಸೇರಿಸಿ, ಫೋಟೋ ತೆಗೆದು ಕಳಿಸಿದೆ. ಅನನ್ಯ ಕೂಡಲೇ ಬರೆದಳು: "ಸರ್, ಇಬ್ಬರೂ ಅಕ್ಕ ಹೇಗಾಗ್ತಾರೆ? ಒಂದರಲ್ಲಿ ತಪ್ಪಾಗಿದೆ." ಎರಡೂ ಸರಿಯಾಗಿವೆಯೆಂದು ಉತ್ತರಿಸಿದೆ. ಕೊನೆಗೆ, "ಓಕೆ ಸರ್, ಕುದುರೆಗಳು ಬೇಡ," ಎಂದು ಬಂತು.

ಕಿಟಕಿಯ ಪಕ್ಕ ಕೂತಿದ್ದ ಜಯಂತಿಗೆ ಅದನ್ನು ತೋರಿಸಿದೆ. ಅವಳು ಓದಿ, ಮೊಬೈಲು ವಾಪಸು ಕೊಟ್ಟಳು. ಮಾತು ಮರಳಿದ ಖುಷಿಯಲ್ಲಿ ನನಗೆ ಸಲಿಗೆ ಹೆಚ್ಚಾಯಿತು. "ಈಗ ಊರಿನೋರು ಯಾರೂ ಇಲ್ಲ. ನಿಜ ಹೇಳು, ಇಬ್ಬರಲ್ಲಿ ದೊಡ್ಡೋಳು ಯಾರು?" ಎಂದು ಕೇಳಿದೆ.

"ನಮ್ಮವ್ವನೇ ದೊಡ್ಡೋಳು, ಅದರಲ್ಲೇನು ಅನುಮಾನ," ಎಂದಳು ಜಯಂತಿ. "ಆದ್ರೂ ಮದುವೆಯಾಗಿ ಬಂದ ಮೂರನೇ ದಿನಕ್ಕೇ ನಿಮ್ಮೂರ ಗುಡಿ ಮುಂದೆ ನಿಂತ್ಕಂಡು ಕೋಡಿಯಮ್ಮನ್ನ ಅಕ್ಕ ಅಂದಿದ್ದೆ. ಯಾರೂ ನನ್ನ ಮಾತಿಗೆ ಹೂ ಬೀಳ್ತದಾ ಅಂತ ಕಾಯ್ಲಿಲ್ಲ."